ಬಿಸ್ಕತ್ತಿನ ಡಬ್ಬಿಯಲ್ಲಿ ಬೀಗದ ಕೈಗಳು

ಈಸ್ಟರ್ ಮುಗಿದ ಮರುವಾರವೇ ಹೊರಟುಬಿಡುತ್ತಾರೆ,
ಬಿಸಿಲಿಗೆಂದು ಬಂದವರು, ಬಿಸಿಲಿಗೆ ಹೆದರಿ.
ಬೋಕಾ ದೆಲ್ ತೂಲೆಯ ಗುಡ್ಡ ಇಳಿದು
ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದು
ಬೀಗದ ಕೈ ಕೊಟ್ಟು, ತಬ್ಬಿಕೊಂಡು,
"ಒಬ್ದೂಲಿಯಾ, ನೀನಿಲ್ಲದಿದ್ದರೆ ನಮಗೇನು ಗತಿ" ಅನ್ನುತ್ತಾರೆ.
ಗತಿಗೆ ತಿಂಗಳಿಗೆ ಎಂಟುನೂರು ಪೆಸೊ.

ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಗೊಂಚಲು.
ಹೆಸರು ಬರೆದಿಲ್ಲ, ಕೈಗೇ ಗೊತ್ತು:
ನೀಲಿ ನೂಲಿನದು ಒಟ್ಟಾವದ ಹಲ್ಲಿನ ಡಾಕ್ಟರದು,
ಬಿಯರ್ ಮುಚ್ಚಳ ಕೀಳುವ ಕೊಂಡಿಯದು
ಟೆಕ್ಸಸಿನ ಆ ಇಬ್ಬರು ಗಂಡಸರದು,
ತುಕ್ಕು ಹಿಡಿದು ಹಲ್ಲು ಮುರಿದದ್ದು
ಸತ್ತವರೊಬ್ಬರದು. ಇನ್ನೂ ಯಾರೂ ಕೇಳಿಲ್ಲ.

ಜೂನಿನ ಮೊದಲ ಮಳೆಯ ರಾತ್ರಿ
ಕಾಡಿನಿಂದ ಏಡಿಗಳು ಇಳಿಯುತ್ತವೆ.
ಸಮುದ್ರದ ದಾರಿಯಲ್ಲಿ ಬಂಗಲೆ ಎದ್ದಿದೆಯೆಂದು
ಅವಕ್ಕೆ ಯಾರೂ ಹೇಳಿಲ್ಲ.
ಪೊರಕೆ ಹಿಡಿದು ಒಂದೊಂದೇ ಮನೆಯಿಂದ ಅಟ್ಟುತ್ತೇನೆ.
ನಲ್ಲಿ ತಿರುಗಿಸುತ್ತೇನೆ, ಕೆಮ್ಮಿ ಕೆಮ್ಮಿ ಕೆಂಪು ನೀರು.
ಹಾಸಿಗೆ ಮಗುಚುತ್ತೇನೆ. ಬೂಸ್ಟು ಹಿಡಿದ ಪುಸ್ತಕಗಳನ್ನು
ಮೀನಿನ ಹಾಗೆ ಹೊಟ್ಟೆ ಸೀಳಿ ಬಿಸಿಲಿಗಿಡುತ್ತೇನೆ.
ಅವರವರ ಕುರ್ಚಿಯಲ್ಲಿ ತುಸು ಹೊತ್ತು ಕೂರುತ್ತೇನೆ:
ಕೂರದ ಕುರ್ಚಿ, ಹತ್ತದ ಕತ್ತೆ,
ಎರಡೂ ಮೊಂಡು ಬೀಳುತ್ತವೆ.

ಈ ವರ್ಷ ಹತ್ತೇ ಬಂದವು.
ಮೇ ಕಳೆದರೂ ವರ್ನಾಳ ಕಿಟಕಿಯಲ್ಲಿ ದೀಪ.
ಜುಲೈನಲ್ಲಿ, ಹೆಜ್ಜಾರ್ಲೆಗಳಿಗೂ ರೆಕ್ಕೆ ಭಾರವಾಗುವ ಮಧ್ಯಾಹ್ನ,
ತಲೆಗೆ ಒದ್ದೆ ಟವಲು ಸುತ್ತಿಕೊಂಡು
ಹಿತ್ತಿಲ ಬಾಗಿಲಿಂದ ನನ್ನ ಅಡಿಗೆಮನೆಗೆ ಬಂದಳು.

ಹದಿನಾಲ್ಕು ಚಳಿಗಾಲ ಇಲ್ಲಿ ಕಳೆದವಳು.
ನಮ್ಮ ಭಾಷೆಯಲ್ಲಿ ಅವಳಿಗೆ ಬರುವುದು ಒಂದೇ ಕಾಲ.
"ಗಂಡ ಸಾಯುತ್ತಾನೆ," ಅಂದಳು. ಸತ್ತು ಆರು ವರ್ಷ.
"ಮನಿಟೋಬಾದ ಮನೆ ಮಾರುತ್ತೇನೆ." ಮಾರಿಯಾಗಿದೆ.
"ಹೋಗುತ್ತೇನೆ."
ಎಲ್ಲಿಗೆ?

ಹುಣಸೆಹಣ್ಣಿನ ಬುಟ್ಟಿ ಅವಳ ಮುಂದಕ್ಕೆ ತಳ್ಳಿದೆ.
ಓಡು ಒಡೆದು ನಾರು ಬಿಡಿಸುತ್ತ ಕೂತಳು.
ಬೆರಳು ಬೇಗ ಕಲಿತವು, ನಾಲಗೆಗಿಂತ.
ಆಮೇಲೆ ಅಂಗಿಯೊಳಗಿಂದ ಒಂದು ಕಾರ್ಡು ತೆಗೆದಳು,
ಬೆವರಿಗೆ ಅಂಚು ಬಿಟ್ಟ ಪರವಾನಗಿ,
ಮೂರು ವರ್ಷದ ಹಿಂದೆಯೇ ಅವಧಿ ಮುಗಿದದ್ದು.
ಹಿಡಿದು ಬಸ್ಸು ಹತ್ತಿಸುತ್ತಾರೆಯೇ ಒಬ್ದೂಲಿಯಾ?
ಪೊಲೀಸ್ ಜೀಪು ಕಂಡರೆ ಮೀನಿನಂಗಡಿಯ ಹಿಂದೆ
ಅವಿತುಕೊಳ್ಳುತ್ತಾಳಂತೆ,
ಎಪ್ಪತ್ತನಾಲ್ಕರ ಹೆಂಗಸು, ಆ ದೊಡ್ಡ ಬಿಳಿ ಟೋಪಿಯಲ್ಲಿ.

ನಕ್ಕೆ. ತಡೆಯಲಾಗಲಿಲ್ಲ,
ಹೊಟ್ಟೆ ಹಿಡಿದುಕೊಂಡು ನಕ್ಕೆ.
ನನ್ನ ತಮ್ಮ ಚಾನೊ, ಅವಳ ಪಕ್ಕದ ದೇಶದಲ್ಲಿ,
ಒಂಬತ್ತು ವರ್ಷ ಹೀಗೇ ಅವಿತಿದ್ದ
ಟೊಮೆಟೊ ಸಾಲುಗಳ ನಡುವೆ, ಟೋಪಿ ತೆಗೆದು.
ಕೊನೆಗೆ ಹಿಡಿದರು. ಕೈಗೆ ಬೇಡಿ, ಕಾಲಿಗೆ ಬೇಡಿ,
ಷೂ ಲೇಸನ್ನೂ ಕಿತ್ತುಕೊಂಡು ಕಳಿಸಿದರು.
ಈಗಲೂ ಚಪ್ಪಲಿಯೇ ಹಾಕುತ್ತಾನೆ, ಮದುವೆಮನೆಗೂ.
ಕೇಳಿದರೆ ಸೆಖೆ ಅನ್ನುತ್ತಾನೆ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಹೇಳಲು ಭೂತಕಾಲ ಬೇಕು.

ಅವಳೂ ನಕ್ಕಳು, ನಾನು ನಕ್ಕೆನೆಂದು,
ಬೆರಳಿಗಂಟಿದ ಹುಣಸೆ ನೆಕ್ಕುತ್ತ,
ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು.

ಗುರುವಾರ ಚಾನೊನೇ ತನ್ನ ಪಿಕಪ್ಪಿನಲ್ಲಿ
ಅವಳನ್ನು ಪಟ್ಟಣಕ್ಕೆ ಕರೆದೊಯ್ದ.
ಹೊರಡುವಾಗ ಬೀಗದ ಕೈ ನನ್ನ ಅಂಗೈಗೊತ್ತಿ
ಏನೋ ಅಂದಳು, ಅವಳ ಭಾಷೆಯಲ್ಲಿ, ಉದ್ದಕ್ಕೆ.
ಅದನ್ನು ಡಬ್ಬಿಗೆ ಹಾಕಲಿಲ್ಲ. ಏಪ್ರನ್ ಜೇಬಿನಲ್ಲೇ
ದಿನವಿಡೀ ತೊಡೆಗೆ ಬಡಿಯುತ್ತಿತ್ತು.

ಸಂಜೆ ವಾಪಸು ಬಂದರು. ದಂಡ ಕಟ್ಟಿದಳಂತೆ,
ಹೊಸ ಫೋಟೋ ತೆಗೆದರಂತೆ, ಕಿವಿ ಕಾಣುವ ಹಾಗೆ.
ಕಚೇರಿಯ ಮೆಟ್ಟಿಲವರೆಗೂ ಹೋದ ಚಾನೊ
ಒಳಗೆ ಕಾಲಿಡಲಿಲ್ಲವಂತೆ.
ನಮ್ಮದೇ ದೇಶದ ಕಚೇರಿ, ನಮ್ಮದೇ ಬಾವುಟ.
ಎದುರಿನ ಕಾಡುಬಾದಾಮಿ ನೆರಳಲ್ಲಿ ಗಾಡಿ ನಿಲ್ಲಿಸಿ
ನಾಲ್ಕು ತಾಸು ಕೂತಿದ್ದನಂತೆ,
ಇಂಜಿನ್ ಆರಿಸದೆ.